ನೆಲ ಓದುತ್ತಿದ್ದ ಖೈರಲ್ಲಾ

ಅಲಮೈನ್‌ನ ದಕ್ಷಿಣದ ಮರುಭೂಮಿಯಲ್ಲಿ ಹೆಜ್ಜೆ ನೋಡಿ ಅದು ಯಾರದೆಂದು ಹೇಳಬಲ್ಲವನು ಖೈರಲ್ಲಾ. ಒಮ್ಮೆ ಕದ್ದ ಒಂಟೆಯ ಜಾಡು ಹಿಡಿದು ನಾಲ್ಕು ದಿನ ನಡೆದು, ಕಳ್ಳನ ಗುಡಾರದ ಮುಂದೆ ನಿಂತು, "ನಿನ್ನ ಎಡಗಾಲಿನ ಹಿಮ್ಮಡಿ ಒಡೆದಿದೆ, ತುಪ್ಪ ಹಚ್ಕೋ. ಆಮೇಲೆ ಒಂಟೆ ಬಿಚ್ಚು" ಎಂದಿದ್ದ. ಮೇವಿಗೋ ನೀರಿಗೋ ಜಗಳ ಹತ್ತಿದರೆ ಅವನ ಮಾತಿಗೆ ಎರಡೂ ಕಡೆಯವರು ಸುಮ್ಮನಾಗುತ್ತಿದ್ದರು.

1942ರ ಬೇಸಿಗೆಯಲ್ಲಿ ಇಂಗ್ಲಿಷರ ಲಾರಿಗಳು ಬಂದು ಎಲ್ಲರನ್ನೂ ಎಬ್ಬಿಸಿ ಪೂರ್ವಕ್ಕೆ ಸಾಗಿಸಿದವು. ಯುದ್ಧ ಪಶ್ಚಿಮಕ್ಕೆ ಸರಿದ ಮೇಲೆ ಜನ ಮರಳಿದರು. ಟ್ಯಾಂಕುಗಳು ತುಕ್ಕು ಹಿಡಿಯುತ್ತ ನಿಂತಿದ್ದವು. ಆ ವರ್ಷದ ಚಳಿಗಾಲದಲ್ಲಿ ಒಳ್ಳೆಯ ಮಳೆಯಾಗಿ ಶಿಬ್ಲಿ ಬಾವಿಯ ತಗ್ಗು ನೆನೆದು ಕಪ್ಪಾಯಿತು. ಜವೆಗೋಧಿ ಬೆಳೆಯಲು ಅವರಿಗಿದ್ದದ್ದು ಅದೊಂದೇ ಜಾಗ. ತೇವ ಆರುವುದರೊಳಗೆ ಬಿತ್ತಬೇಕು. ಆದರೆ ನೆಲದೊಳಗೆ ಬಾಂಬು ಹೂತಿಟ್ಟಿದ್ದಾರೆಂಬ ಸುದ್ದಿಯಿತ್ತು.

"ಅಣ್ಣ, ನೀನು ಹ್ಞೂಂ ಅಂದ್ರೆ ನೇಗಿಲು ಕಟ್ತೀನಿ" ಎಂದ ತಮ್ಮ ಮಿಫ್ತಾಹ್. "ಇಲ್ಲಾಂದ್ರೆ ಈ ಒಂಟೇನೂ ನಾನೂ ಒಬ್ರ ಮುಖ ಒಬ್ರು ನೋಡ್ಕೊಂಡು ಕೂರ್ತೀವಿ."

ಖೈರಲ್ಲಾ ಎರಡು ದಿನ ಆ ತಗ್ಗನ್ನು ಓದಿದ. ಮಳೆ ನಿಂತ ಮೇಲೆ ಬಿದ್ದ ಹೆಜ್ಜೆಗಳು ಹಸಿಮಣ್ಣಿನಲ್ಲಿ ಸ್ಪಷ್ಟವಾಗಿದ್ದವು. ನರಿ, ಮರಳಿಲಿ, ದಾರಿ ತಪ್ಪಿದ ಒಂದು ಆಡಿನ ಹಿಂಡು, ಆಡು ಹುಡುಕಿ ಬಂದ ಇಬ್ಬರು ಹೆಂಗಸರು. ಹೆಜ್ಜೆಯಿಲ್ಲದ ಕಡೆಯೆಲ್ಲ ತಾನೇ ನಡೆದ. ಕಾಲು ಬೀಳದ ಜಾಗ ಒಂದು ಗೇಣೂ ಉಳಿಯಲಿಲ್ಲ.

"ಬಿತ್ತು" ಎಂದ.

ಮೂರನೆಯ ಸಾಲಿನಲ್ಲಿ ನೆಲ ಎದ್ದಿತು. ಒಂಟೆಯೂ ಹೋಯಿತು, ಮಿಫ್ತಾಹನೂ ಹೋದ. ಚಹಾ ತರುತ್ತಿದ್ದ ಅವನ ಹೆಂಡತಿ ಸಲ್ಲೂಮಾ ಇನ್ನೂ ತಗ್ಗಿನ ಅಂಚಿನಲ್ಲಿದ್ದಳು. ತಮ್ಮನ ಅಗಲ ಬೆರಳಿನ ಹೆಜ್ಜೆಗಳು ಸಾಲಿನುದ್ದಕ್ಕೂ ಹೋಗಿ ಒಂದು ಕಡೆ ನಿಂತಿದ್ದವು. ಖೈರಲ್ಲಾ ಅಲ್ಲಿಯವರೆಗೆ ಓದಿ ತಲೆ ತಗ್ಗಿಸಿದ.

ವರದಿ ಬರೆಯಲು ಗಡಿ ಪೊಲೀಸಿನ ಸೂಡಾನಿ ಹವಾಲ್ದಾರ ಬಂದ. "ಇದು ಟ್ಯಾಂಕಿಗೆ ಅಂತ ಇಟ್ಟಿದ್ದು, ಚಿಕ್ಕಪ್ಪಾ. ಆಡು ತುಳಿದ್ರೆ, ಮನುಷ್ಯ ತುಳಿದ್ರೆ ಸುಮ್ನಿರುತ್ತೆ. ಭಾರ ನೋಡುತ್ತೆ. ನೇಗಿಲು ತಾಗಿ ಒತ್ತಿರ್ಬೇಕು."

"ಹಾಗಾದ್ರೆ ಅದಕ್ಕೂ ಹೆಜ್ಜೆ ಗೊತ್ತಾಗುತ್ತೆ."

"ನಿಂಗಿಂತ ಚೆನ್ನಾಗಿ" ಎಂದವನು ನಾಲಿಗೆ ಕಚ್ಚಿಕೊಂಡ.

"ಎಲ್ಲೆಲ್ಲಿ ಇಟ್ಟಿದಾರೆ ಅಂತ ನಕ್ಷೆ ಇಲ್ವಾ?"

"ಇಟ್ಟೋರ ಹತ್ರ ಇರ್ಬೇಕು. ಅವ್ರು ಬೇರೆ ಕಡೆ ಯುದ್ಧಕ್ಕೆ ಹೋದ್ರು."

ಯಾರೂ ಖೈರಲ್ಲಾನನ್ನು ದೂರಲಿಲ್ಲ. ದೂರಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸುತ್ತಿತ್ತು. ಮತ್ತೆ ಆ ತಗ್ಗಿನಲ್ಲಿ ನೇಗಿಲು ಇಳಿಯಲಿಲ್ಲ. ಲೋಕದ ಸುದ್ದಿ ಸಂತೆಯಿಂದ ಬರುತ್ತಿತ್ತು: ಯುದ್ಧ ಮುಗಿಯಿತಂತೆ, ಕೈರೋದಲ್ಲಿ ಇಂಗ್ಲಿಷರು ತೊಲಗಲಿ ಎಂದು ವಿದ್ಯಾರ್ಥಿಗಳು ಬೀದಿಗಿಳಿದಿದ್ದಾರಂತೆ, ಮಂತ್ರಿಗಳು ಬದಲಾದರಂತೆ. ಜಪಾನಿನಲ್ಲಿ ಒಂದೇ ಬಾಂಬಿಗೆ ಒಂದು ಊರೇ ಹೋಯಿತಂತೆ.

"ನಮ್ಗೆ ಆ ಕಷ್ಟ ಇಲ್ಲ ಬಿಡಿ" ಎಂದ ಒಬ್ಬ ಕುರಿಗಾಹಿ. "ಒಬ್ಬೊಬ್ರಿಗೂ ಬೇರೆ ಬೇರೆ ಕೊಟ್ಟು ಹೋಗಿದಾರೆ."

1948ರಲ್ಲಿ ಪ್ಯಾಲೆಸ್ತೀನಿನಲ್ಲಿ ಯುದ್ಧ ಹತ್ತಿತು. ಅಲೆಕ್ಸಾಂಡ್ರಿಯಾದಿಂದ ಹಳೇ ಕಬ್ಬಿಣದ ವ್ಯಾಪಾರಿಯೊಬ್ಬ ಬಂದ. ನೆಲದ ಬಾಂಬುಗಳೊಳಗಿನ ಮದ್ದಿಗೆ ಈಗ ಬೇಡಿಕೆ. "ನೀನು ಹೆಜ್ಜೆ ಓದೋನಂತಲ್ಲ, ಅಗೆಯೋರ ಮುಂದೆ ನಡಿ" ಎಂದ.

"ನಾನು ಒಂದ್ಸಲ ಮುಂದೆ ನಡೆದಿದೀನಿ, ಸಾಕು."

ಉಳಿದವರು ಪೊಲೀಸರ ಕಣ್ಣು ತಪ್ಪಿಸಿ ಅಗೆಯಲು ಹೋದರು. ಕೆಲವರು ಕೈಬೆರಳು ಕಳೆದುಕೊಂಡು ಬಂದರು.

ಮರುವರ್ಷದ ಚಳಿಗಾಲದಲ್ಲಿ ಮತ್ತೆ ಮಳೆ ಬಿತ್ತು. ಸಲ್ಲೂಮಾ ಬೀಜದ ಚೀಲ ಹೊತ್ತು ಬಂದಳು. "ಭಾವ, ಎಲ್ಲಾ ಅಗೆದು ತೆಗೆದಾಯ್ತು ಅಂತಾರೆ. ನೀವು ನೋಡಿ ಹೇಳಿ. ಮನೇಲಿ ಇನ್ನಿರೋದು ಇಷ್ಟೇ."

ಖೈರಲ್ಲಾ ಅಂಚಿನಲ್ಲಿ ನಿಂತು ನೋಡಿದ. ತಗ್ಗಿನ ತುಂಬ ಗುಂಡಿಗಳು, ಗುಂಡಿಗಳ ಸುತ್ತ ಮಳೆಗೆ ಮಸುಕಾದರೂ ಉಳಿದ ಹೆಜ್ಜೆಗಳು. ಅಗೆಯಲು ಯಾರು ಬಂದಿದ್ದರು, ಯಾರು ಭಾರ ಹೊತ್ತು ಹೋದರು, ಪೊಲೀಸರಿಗೆ ಹೆದರಿ ಯಾರು ಓಡಿದರು, ಎಲ್ಲ ತಿಳಿಯುತ್ತಿತ್ತು. ಓಡಿದವರು ಅಗೆದ ಬಾಂಬುಗಳಲ್ಲಿ ಯಾವುದನ್ನು ಮತ್ತೆ ಹೂತರು, ಎಲ್ಲಿ ಹೂತರು ಎಂಬುದು ಮಾತ್ರ ಮಳೆಯಲ್ಲಿ ಪೂರ್ತಿ ಅಳಿಸಿತ್ತು. ಅವನು ಸಂಜೆಯವರೆಗೂ ನಿಂತಿದ್ದ.

"ಗೊತ್ತಿಲ್ಲಮ್ಮ."

"ನಿಮ್ಗೇ ಗೊತ್ತಿಲ್ಲ ಅಂದ್ರೆ ಯಾರನ್ನ ಕೇಳ್ಲಿ?"

ಅವನು ತನ್ನ ಗುಡಾರದ ಕಡೆ ನಡೆದ. ಇನ್ನೇನಾದರೂ ಹೇಳಬಹುದೆಂದು ಸಲ್ಲೂಮಾ ನಾಲ್ಕು ದಿನ ಕಾದಳು. ಐದನೆಯ ದಿನ ತೇವ ಆರಿದ ತಗ್ಗಿನಿಂದ ಗಾಳಿಗೆ ದೂಳೆದ್ದಿತು. ಮಧ್ಯಾಹ್ನ ಅವಳ ಗುಡಾರದಿಂದ ಬೀಸುಕಲ್ಲಿನ ಸದ್ದು ಕೇಳತೊಡಗಿತು.

ಇಳಿಹೊತ್ತಿಗೆ ಅವಳೇ ಬಿಸಿ ರೊಟ್ಟಿ ತಂದಿಟ್ಟಳು. ಬಿತ್ತನೆಯ ಕಾಳಿನದು. ಖೈರಲ್ಲಾ ಮುರಿದು ತಿಂದ.