ಅರವಟ್ಟಿಗೆಯ ವೈಫೈ

ನಮ್ಮತ್ತೆ ಪುಟ್ಟಮಾದಮ್ಮನಿಗೆ ಫೋನಿನಲ್ಲಿ ಹಸಿರು ಗುಂಡಿ, ಕೆಂಪು ಗುಂಡಿ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಆದರೆ ಮನೆಯ ವೈಫೈ ಪಾಸ್‌ವರ್ಡು ಮಾತ್ರ ಬಾಯಿಪಾಠ. ಹನೂರು ದಾಟಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರಲ್ಲಿ ಅರ್ಧ ಜನಕ್ಕೂ ಅದು ಬಾಯಿಪಾಠ. ಅದೂ ಅವರ ದಯೆಯೇ.

ನಮ್ಮ ಮನೆ ಬೆಟ್ಟದ ರಸ್ತೆಗೆ ಅಂಟಿಕೊಂಡೇ ಇದೆ. ಅಮಾವಾಸ್ಯೆ ಬಂತೆಂದರೆ ಕೊಳ್ಳೇಗಾಲದ ಕಡೆಯಿಂದ, ಬಂಡಳ್ಳಿಯ ಕಡೆಯಿಂದ ಪರ್ಸೆ ಹೊರಟವರು ಬೆಳಗಿನಿಂದ ಹಾಯುತ್ತಲೇ ಇರುತ್ತಾರೆ. ಅತ್ತೆ ಅಂಗಳದ ಹೊಂಗೆ ಮರದಡಿ ಅರವಟ್ಟಿಗೆ ಇಟ್ಟು ಅವರಿಗೆಲ್ಲ ನೀರು, ಮಜ್ಜಿಗೆ ಕೊಡುತ್ತಾರೆ. ನಾನು ಸೊಸೆಯಾಗಿ ಬರುವ ಎಷ್ಟೋ ಮೊದಲಿನಿಂದ ನಡೆದುಕೊಂಡು ಬಂದದ್ದು ಇದು.

ಇದರ ಹಿಂದೆ ಒಂದು ಹರಕೆ ಇದೆ. ನನ್ನ ಗಂಡ ಮೂರ್ತಿ ಕೈಗೂಸಾಗಿದ್ದಾಗ ಅತ್ತೆ ಅವರನ್ನು ಸೊಂಟದ ಮೇಲೆ ಹೊತ್ತು ಬೆಟ್ಟಕ್ಕೆ ನಡೆದಿದ್ದರಂತೆ. ಬಿಸಿಲಿಗೆ ಕೂಸು ಬಸವಳಿದು ಕತ್ತು ವಾಲಿಸಿತಂತೆ. ದಾರಿಯ ಒಂದು ಮನೆ ಮುಂದೆ ನಿಂತು ನೀರು ಕೇಳಿದರೆ ಒಳಗಿನಿಂದ ಇಲ್ಲ ಅಂದರಂತೆ. ಬಾಗಿಲ ಸಂದಿಯಲ್ಲಿ ತುಂಬಿದ ಕೊಡ ಕಾಣುತ್ತಿತ್ತಂತೆ. ಅವತ್ತೇ ಮಾದಪ್ಪನ ಮುಂದೆ ನಿಂತು, ನಡೆದು ಬರುವವರು ಏನೇ ಕೇಳಲಿ, ಇಲ್ಲ ಅನ್ನುವ ಮಾತು ತನ್ನ ಬಾಯಿಂದ ಬರಬಾರದು ಎಂದು ಹರಕೆ ಕಟ್ಟಿಕೊಂಡರು.

ನೀರಿಗೆ, ಮಜ್ಜಿಗೆಗೆ, ಕಾಲಿಗೆ ಹಚ್ಚುವ ಎಣ್ಣೆಗೆ ಈ ಹರಕೆ ಚೆನ್ನಾಗಿಯೇ ಇತ್ತು. ಆಮೇಲೆ ನಾನು ವೈಫೈ ಹಾಕಿಸಿದೆ. ಕಾಡಂಚಿನ ಊರು, ಟವರಿನ ಸಿಗ್ನಲ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಯಾರೋ ಒಬ್ಬ ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು, ವೈಫೈ ಇದೆಯೇನವ್ವ ಎಂದು ಕೇಳಿದ. ಮುಗಿಯಿತು ನನ್ನ ಕಥೆ. ಬಂದವರ ಫೋನುಗಳು ನಮ್ಮ ಮನೆಯನ್ನು ನೆನಪಿಟ್ಟುಕೊಂಡವು. ಮುಂದಿನ ಅಮಾವಾಸ್ಯೆಗೆ ರಸ್ತೆಯಲ್ಲಿ ಹಾದರೆ ಸಾಕು, ಕೇಳದೆ ಕರೆಯದೆ ತಾವೇ ಒಳಗೆ ಬರತೊಡಗಿದವು.

ನಾನು ಗಣಿತದಲ್ಲಿ ಬಿ.ಎಡ್. ಮಾಡಿದವಳು. ಆನ್‌ಲೈನಿನಲ್ಲಿ ಮಕ್ಕಳಿಗೆ ಪಾಠ ಹೇಳುವ ಒಂದು ಕಂಪನಿಯಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಪರೀಕ್ಷೆಗೆಂದು ಒಂದು ಪಾಠ ಮಾಡಿ ತೋರಿಸಬೇಕು. ಗ್ರಹಚಾರಕ್ಕೆ ಆ ದಿನ ಅಮಾವಾಸ್ಯೆ. ಪಾಠ ಶುರುವಾಗುತ್ತಲೇ ನನ್ನ ಮುಖ ಪರದೆಯ ಮೇಲೆ ಕಲ್ಲಾಗಿ ನಿಂತಿತು. ಫೋನಿನಲ್ಲಿ ವೈಫೈ ಆ್ಯಪ್ ತೆಗೆದು ನೋಡಿದರೆ 'ಸಿದ್ದೇಶ', 'ಕಿಂಗ್ ಮಾದ', 'ಅಪ್ಪು ಬಾಸ್' ಎಂದು ಗೊತ್ತುಗುರಿಯಿಲ್ಲದ ಹೆಸರುಗಳು. ಒಬ್ಬನನ್ನು ಹೊರಗೆ ಹಾಕಿದರೆ ಇಬ್ಬರು ಒಳಗೆ. ಸಾಲದ್ದಕ್ಕೆ ಅತ್ತೆ ಯಾರದೋ ಫೋನು ಹಿಡಿದು ಕ್ಯಾಮೆರಾದ ಮುಂದೆಯೇ ಬಂದು, ಈ ಹುಡುಗನ ನೆಟ್ಟು ನಿಂತು ಹೋಯಿತಂತೆ, ಸ್ವಲ್ಪ ನೋಡು ಅಂದರು. ನನಗೆ ಅಳು ಬಂತು.

ಕಂಪನಿಯವರು ಇನ್ನೊಂದೇ ಒಂದು ಅವಕಾಶ ಕೊಟ್ಟರು. ಅದೂ ಬಂದು ಅಮಾವಾಸ್ಯೆಯ ದಿನವೇ ಬಿತ್ತು. ದಿನ ಬದಲಿಸಿ ಎಂದರೆ, ಆಗುವುದಿಲ್ಲ, ಬೇಡವಾದರೆ ಬಿಡಿ ಅಂದರು. ಮೂರ್ತಿಯವರನ್ನು ಕೇಳಿದರೆ, ನೀವಿಬ್ಬರೂ ಏನಾದರೂ ಮಾಡಿಕೊಳ್ಳಿ ಎಂದು ಯಳಂದೂರಿನ ಕೆಲಸಕ್ಕೆ ಬಸ್ಸು ಹತ್ತಿದರು. ಈ ಮನೆಯಲ್ಲಿ ಗಂಡಸರ ನ್ಯಾಯ ಯಾವತ್ತೂ ಇಷ್ಟೇ.

ಬೆಳಿಗ್ಗೆಯೇ ಪಾಸ್‌ವರ್ಡು ಬದಲಾಯಿಸಿದೆ. ಹೊಸದನ್ನು ಅತ್ತೆಗೆ ಹೇಳಲಿಲ್ಲ. ಯಾರಾದರೂ ಕೇಳಿದರೆ ಇಲ್ಲ ಅಂದುಬಿಡಿ, ಒಂದೇ ಒಂದು ದಿನ ಎಂದೆ.

ಅವರು ಮಜ್ಜಿಗೆ ಕಡೆಯುವುದನ್ನು ನಿಲ್ಲಿಸಿದರು. "ಇಲ್ಲ ಅಂತ ನಾನೆಂಗವ್ವ ಅನ್ನದು?"

ನನಗೆ ತಡೆಯಲಾಗಲಿಲ್ಲ. ನಿಮ್ಮ ಹರಕೆ ತೀರಿಸುವುದಕ್ಕೆ ನನ್ನ ಕೆಲಸ ಹೋಗಬೇಕಾ ಎಂದು ಕೇಳಿಯೇಬಿಟ್ಟೆ. ಅವರು ಕಡೆಗೋಲು ಬಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಅಂಗಳಕ್ಕೆ ಹೋದರು. ಜಗಳವಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಬಾಗಿಲು ಹಾಕಿಕೊಂಡು ಪಾಠಕ್ಕೆ ಕೂತೆ. ಸೆಖೆಗೆ ಕಿಟಕಿಯನ್ನು ಮಾತ್ರ ತೆರೆದಿಟ್ಟಿದ್ದೆ. ಭಿನ್ನರಾಶಿ ಹೇಳಿಕೊಡಬೇಕಿತ್ತು. ರೊಟ್ಟಿಯಲ್ಲಿ ಅರ್ಧ, ಆ ಅರ್ಧದಲ್ಲಿ ಅರ್ಧ ಎಂದು ಹೇಳುತ್ತಾ ಹೋದೆ. ಕಿವಿಯೆಲ್ಲ ಹೊರಗೇ ಇತ್ತು. ಗಲಾಟೆ ಇಲ್ಲ, ಉಘೇ ಉಘೇ ಎಂಬ ಕೂಗೂ ಇಲ್ಲ. ಅಮಾವಾಸ್ಯೆಯ ದಿನ ನಮ್ಮ ಅಂಗಳ ಇಷ್ಟು ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. ಅತ್ತೆ ಬೇಸರದಿಂದ ಅರವಟ್ಟಿಗೆಯನ್ನೇ ಎತ್ತಿಟ್ಟುಬಿಟ್ಟರೇನೋ ಅಂದುಕೊಂಡೆ.

ಪಾಠ ಒಂದು ಸಲವೂ ನಿಲ್ಲಲಿಲ್ಲ. ಸೋಮವಾರದಿಂದ ಕೆಲಸಕ್ಕೆ ಬನ್ನಿ ಎಂದು ಕಂಪನಿಯವರು ಅಲ್ಲೇ ಹೇಳಿದರು.

ಬಾಗಿಲು ತೆಗೆದರೆ ಅಂಗಳದ ತುಂಬ ಜನ. ಹೊಂಗೆ ಮರದ ಸುತ್ತ, ಜಗಲಿಯ ಮೇಲೆ, ನನ್ನ ಕಿಟಕಿಯ ಕೆಳಗೆ, ಗಂಟುಮೂಟೆ ಪಕ್ಕದಲ್ಲಿಟ್ಟುಕೊಂಡು, ಕೈಯಲ್ಲಿ ಮಜ್ಜಿಗೆ ಲೋಟ, ಮಡಿಲಲ್ಲಿ ಫೋನು. ಒಬ್ಬರೂ ಉಸಿರೆತ್ತುತ್ತಿಲ್ಲ. ಅಷ್ಟರಲ್ಲಿ ರಸ್ತೆಯಿಂದ ಇನ್ನೊಬ್ಬ ಬಂದು, ವೈಫೈ ಇದೆಯೇನವ್ವ ಎಂದು ಅತ್ತೆಯನ್ನು ಕೇಳಿದ.

"ಅದೆ ಕಣಪ್ಪ, ಇಲ್ದೆ ಏನು," ಅತ್ತೆ ಮೆಲ್ಲಗೆ ಹೇಳುತ್ತಿದ್ದರು. "ನಮ್ ಸೊಸೆ ಪಾಠ ಮಾಡ್ತಾವಳೆ. ಮುಗಿಯಗಂಟ ಸದ್ದು ಮಾಡ್ದೆ ಕೂತ್ಕ."

ಬೆಳಗಿನಿಂದ ಬಂದವರಿಗೆಲ್ಲ ಅವರು ಇದನ್ನೇ ಹೇಳಿ ಕೂರಿಸಿದ್ದರು. ಕಿಟಕಿಯ ಕೆಳಗಿದ್ದ ಮುದುಕರೊಬ್ಬರು ನನ್ನನ್ನು ನೋಡಿ, ಅರ್ಧದಲ್ಲಿ ಅರ್ಧ ಅಂದರೆ ಕಾಲು, ಅಲ್ಲವೇನವ್ವ ಎಂದು ಕೇಳಿದರು. ಹೌದು ಎಂದೆ.

ಅತ್ತೆ ನನ್ನ ಕಡೆ ತಿರುಗಿದರು. ಕೆಲಸ ಸಿಕ್ಕಿತಾ ಎಂದು ಬಾಯಿಬಿಟ್ಟು ಕೇಳಲಿಲ್ಲ, ಹುಬ್ಬಿನಲ್ಲೇ ಕೇಳಿದರು. ತಲೆಯಾಡಿಸಿದೆ. ಅವರ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು, "ಈಗ ನೀನೇ ಯೋಳವ್ವ ಇವ್ರಿಗೆ," ಅಂದರು.

ಸೋಮವಾರದಿಂದ ದಿನಾ ಪಾಠ. ತಿಂಗಳಿಗೊಂದು ಅಮಾವಾಸ್ಯೆ. ಇಷ್ಟೂ ಫೋನು ಈ ಪಾಸ್‌ವರ್ಡನ್ನೂ ನೆನಪಿಟ್ಟುಕೊಳ್ಳುತ್ತವೆ, ನಾನು ಮತ್ತೆ ಒಂದೊಂದನ್ನೇ ಹುಡುಕಿ ಹೊರಗೆ ಹಾಕುತ್ತಾ ಕೂರಬೇಕು. ಬೆಳಗಿನಿಂದ ಸಿದ್ಧಮಾಡಿಟ್ಟುಕೊಂಡಿದ್ದ 'ಇಲ್ಲ' ನಾಲಿಗೆಯ ತುದಿಯಲ್ಲೇ ಇತ್ತು. ಎಲ್ಲರೂ ಫೋನು ಎತ್ತಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು.

ಹೊಸ ಪಾಸ್‌ವರ್ಡನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳಿದೆ. ಮರದ ಆಚೆ ಕೂತವರಿಗೆ ಕೇಳಿಸಲಿಲ್ಲವಂತೆ. ಇನ್ನೊಂದು ಸಲ ಜೋರಾಗಿ ಹೇಳಿದೆ.