ಬುಟ್ಟಿಯ ಅಳತೆಗೆ ಕಟ್ಟಿದ ಮೆಟ್ಟಿಲು

"ಬುಟ್ಟಿ ಎತ್ತು ಮುದುಕಿ, ಗಿರಾಕಿಗೆ ಅಡ್ಡ ಆಗ್ತದ," ಎಂದು ಹೊಸ ಕಾವಲುಗಾರ ಗದರಿದ. ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಮೂರಂತಸ್ತಿನ ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ಕಮಲಾಪುರದ ಕೆಂಪು ಬಾಳೆಹಣ್ಣು ಮಾರುತ್ತಿದ್ದ ಅಜ್ಜಿ ಕದಲಲಿಲ್ಲ.

"ಈ ಬಿಲ್ಡಿಂಗ್ ಏಳೂದಕ್ಕ ಮೊದಲಿಂದೂ ಇಲ್ಲೇ ಕುಂತೀನಿ. ಸಾವ್ಕಾರ ನನ್ನ ಜಾಗಾ ನನಗ ಇಟ್ಟೇ ಕಟ್ಟಸ್ಯಾನ."

ಹಣ್ಣು ಕೊಳ್ಳಲು ನಿಂತಿದ್ದ ನಾನು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಪಳಗಿದವನು, ಸುಮ್ಮನೆ ನಂಬುವವನಲ್ಲ. "ಪುರಾವೆ ಏನದ ಆಯಿ?" ಎಂದೆ.

"ಕಣ್ಣು ಗಿರವಿ ಇಟ್ಟೀಯೇನಪ್ಪಾ? ಪಾವಟಿಗಿ ನೋಡು."

ನೋಡಿದೆ. ಮೇಲಿನ ಮೆಟ್ಟಿಲುಗಳೆಲ್ಲ ಒಂದೇ ಅಗಲ. ಕೆಳಗಿನದು ಮಾತ್ರ ಎಡಮೂಲೆಯಲ್ಲಿ ಅವಳೂ ಬುಟ್ಟಿಯೂ ಕೂರುವಷ್ಟು ಮುಂದೆ ಚಾಚಿತ್ತು. ಅದೇ ಕಲ್ಲು, ಅದೇ ಗಾರೆ, ಆಮೇಲೆ ಸೇರಿಸಿದ್ದಲ್ಲ. ಕಾವಲುಗಾರನೂ ಬಗ್ಗಿ ನೋಡಿ ಬಡಿಗೆ ಕೆಳಗಿಟ್ಟ.

ಕಲಬುರಗಿಯಲ್ಲಿ ನೋಡುವಂಥದ್ದೇನಿದೆ ಎಂದವರಿಗೆ ಈಗ ಕೋಟೆಗಿಂತ ಮೊದಲು ಆ ಮೆಟ್ಟಿಲು ತೋರಿಸುತ್ತೇನೆ. ಹಣ್ಣು ಮಾರುವವಳ ಅಳತೆಗೆ ಕಟ್ಟಿಸಿದ ಅಂಗಡಿ ಬೇರೆ ಊರಲ್ಲಿದ್ದರೆ ಅವರು ತೋರಿಸಲಿ.