ಜಗಲಿಯ ಬೆಂಚು

ಇವತ್ತು ಬೆಳಿಗ್ಗೆ ಶಿವಮೊಗ್ಗದ ಗೋಪಾಳದ ಕ್ಲಿನಿಕ್ಕಿನಲ್ಲಿ ನರ್ಸು ಹುಡುಗಿ ನನ್ನ ತೋಳಿಗೆ ಸ್ಪಿರಿಟ್ ಹತ್ತಿ ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಣ್ಣು ಅವಳ ಕೈಗೆ ಹೋಯಿತು. ಯಾಕೆ ಅಂತ ಹೇಳುತ್ತೇನೆ, ಕೂತುಕೊಳ್ಳಿ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾವಿದ್ದದ್ದು ಭದ್ರಾವತಿಯ ಹಳೇನಗರದಲ್ಲಿ. ಸೊಸೆ ಸುಮಿತ್ರ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ನರ್ಸು. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಬಿಳಿ ಸೀರೆಯ ಸೊಸೆ ಬಸ್ಸು ಹತ್ತುವುದನ್ನು ನೋಡಿದರೆ ಕೆಲಸ ನನಗೇ ಸಿಕ್ಕಿದ ಹಾಗೆ. ಆ ಜಂಬದಲ್ಲಿ ಬೀದಿಗೆಲ್ಲ ಸಾರಿದೆ: ಇಂಜೆಕ್ಷನ್ನಿಗೆ ಪೇಟೆಗೆ ಯಾಕೆ ಹೋಗುತ್ತೀರಿ, ನಮ್ಮ ಹುಡುಗಿ ಚುಚ್ಚುತ್ತಾಳೆ. ಬಂದವರು ಕೂರಲಿ ಅಂತ ಜಗಲಿಗೆ ಬೆಂಚೂ ಹಾಕಿಸಿದೆ.

ಬಂದರು ನೋಡಿ. ಬರಿಗೈಯಲ್ಲಿ ಬರಬಾರದೆಂದು ಔಷಧಿ ಸೀಸೆಯ ಜೊತೆ ನಾಲ್ಕು ನುಗ್ಗೆಕಾಯಿ, ಹಿಡಿ ಕರಿಬೇವು ತರುತ್ತಿದ್ದರು. ಅದನ್ನು ಒಳಗಿಡುವವಳು ನಾನು, ಚುಚ್ಚುವವಳು ಅವಳು. ರಾತ್ರಿ ಪಾಳಿ ಮುಗಿಸಿ ಬಂದವಳು ಚಪ್ಪಲಿ ಬಿಡುವ ಮೊದಲೇ ಬೆಂಚು ತುಂಬಿರುತ್ತಿತ್ತು. ಆಸ್ಪತ್ರೆಯಲ್ಲೋ, ಇಬ್ಬರು ನರ್ಸುಗಳಿರಬೇಕಾದ ವಾರ್ಡಿನಲ್ಲಿ ಅವಳೊಬ್ಬಳೇ. ಡಾಕ್ಟರ ಬೈಗುಳ, ರೋಗಿ ಕಡೆಯವರ ಬೈಗುಳ ಎರಡೂ ಅವಳಿಗೇ. ಸಾಕಾಗಿದೆ ಅತ್ತೆ, ಅಂತ ಒಮ್ಮೆ ಅಂದಳು. ಹತ್ತು ಮನೆಯ ಭತ್ತ ಕುಟ್ಟಿದ ನನ್ನ ಕಥೆ ಹೇಳಿ ಬಾಯಿ ಮುಚ್ಚಿಸಿದೆ. ಬರಬರುತ್ತ ತನ್ನ ಮಗು ಬಂದು ಕಾಲು ತಬ್ಬಿದರೂ ಯಾರ ಮಗುವೋ ಎಂಬಂತೆ ನೋಡತೊಡಗಿದಳು.

ಒಂದು ಬೆಳಿಗ್ಗೆ ಎದುರುಮನೆಯ ಗಂಗಮ್ಮ, ರಿಟೈರಾದ ಮೇಸ್ತ್ರಿ ರಂಗಪ್ಪ ಬೆಂಚಿನಲ್ಲಿದ್ದರು. ಇಬ್ಬರಿಗೂ ಸಕ್ಕರೆ ಕಾಯಿಲೆ, ಇಬ್ಬರ ಸೀಸೆಯೂ ಒಂದೇ ತಟ್ಟೆಯಲ್ಲಿ. ಬೇಗ ಚುಚ್ಚು ಮಾರಾಯ್ತಿ, ಒಲೆ ಮೇಲೆ ಅನ್ನ ಇದೆ ಅಂತ ಗಂಗಮ್ಮ ತೋಳು ಚಾಚಿದಳು. ಸುಮಿತ್ರ ಸಿರಿಂಜು ಎತ್ತಿದಳು. ಸೀಸೆಯ ಮೇಲಿನ ಅಕ್ಷರ ನನಗೆ ಬಾರದು. ಆದರೆ ಜೀವಮಾನವಿಡೀ ಅಕ್ಕಿ ತೊಳೆದಿದ್ದೇನೆ.

"ತಡಿ ಸುಮಿತ್ರಾ. ಇವಳ ಔಷಧಿ ದಿನಾ ಅಕ್ಕಿ ತೊಳೆದ ನೀರಿನ ಥರ ಇರುತ್ತಲ್ಲ, ಇವತ್ಯಾಕೆ ಇಷ್ಟು ತಿಳಿ?"

ಅವಳು ಸಿರಿಂಜನ್ನು ಬೆಳಕಿಗೆ ಹಿಡಿದು ನೋಡಿ, ತಟ್ಟೆಗಿಟ್ಟು ತಟ್ಟೆಯನ್ನೇ ದೂರ ತಳ್ಳಿದಳು. ಎಲ್ಲರನ್ನೂ ಕಳಿಸಿ ಬಾಗಿಲು ಹಾಕಿದೆ.

"ಅದು ರಂಗಪ್ಪೋರದು, ತಕ್ಷಣ ಸಕ್ಕರೆ ಇಳಿಸೋದು. ಗಂಗಮ್ಮೋರಿಗೆ ಅಷ್ಟು ಹೋಗಿದ್ರೆ ಏಳ್ತಿರಲಿಲ್ಲ," ಅಂದಳು. ಆಮೇಲೆ ಮೆಲ್ಲಗೆ, "ಇಲ್ಲಿ ನೀವಿದ್ರಿ ಅತ್ತೆ. ವಾರ್ಡಲ್ಲಿ ಯಾರಿರ್ತಾರೆ?"

ಬೆಂಚನ್ನು ಹಿತ್ತಲಿಗೆ ಎಳೆಸಿ ಬಿಂದಿಗೆ ಇಡಲು ಹಾಕಿದೆ. ಸೊಸೇನ ಮಹಾರಾಣಿ ಮಾಡ್ಕೊಂಡ್ಲು ಅಂತ ಗಂಗಮ್ಮ ಬೀದಿ ತುಂಬ ಆಡಿಕೊಂಡಳು. ಆಡಿಕೊಳ್ಳಲಿ, ಜೀವಂತ ಇದ್ದಳಲ್ಲ. ಆದರೆ ಆಸ್ಪತ್ರೆಯ ಮಂಚಗಳನ್ನು ಎಳೆಸಲು ನನ್ನ ಕೈಲಾಗುತ್ತದೆಯೇ? ಆಮೇಲೆ ದಿನಾ ಬಸ್ಸಿನ ಸದ್ದಿಗೆ ಕಿವಿಗೊಟ್ಟು ನಿಲ್ಲುತ್ತಿದ್ದೆ. ಅವಳು ಬಂದೊಡನೆ ಮುಖ ನೋಡುತ್ತಿದ್ದೆ, ಏನಾದರೂ ಆಗಿಹೋಯಿತೇ ಅಂತ. ಕೇಳುವ ಧೈರ್ಯವಿರಲಿಲ್ಲ. ಎರಡು ವರ್ಷ ಹೀಗೇ ಕಳೆದು ಕೆಲಸ ಬಿಟ್ಟಳು. ಬೇಜಾರಾಗಲಿಲ್ಲ ಅಂದರೆ ಸುಳ್ಳು. ಅವತ್ತು ನನಗೆ ಒಳ್ಳೆ ನಿದ್ದೆ ಬಂದದ್ದೂ ನಿಜ.

ಇವತ್ತು ಕ್ಲಿನಿಕ್ಕಿನ ಈ ಹುಡುಗಿ ಒರೆಸಿದ ತೋಳನ್ನೇ ಮತ್ತೆ ಒರೆಸುತ್ತಿದ್ದಳು. ಕೆಲಸಕ್ಕೆ ಯಾವಾಗ ಬಂದೆ ಅಂತ ಕೇಳಿದೆ.

"ನಿನ್ನೆ ಬಂದೋಳು ಅಜ್ಜಿ. ಬದಲಿಗೆ ಬರೋಳು ಬಂದಿಲ್ಲ."

ಸೆರಗನ್ನು ತೋಳಿನ ಮೇಲೆ ಎಳೆದುಕೊಂಡೆ.

"ಹೋಗಿ ಏನಾದ್ರೂ ತಿಂದು ಬಾ. ಈ ತೋಳು ಎಲ್ಲಿಗೂ ಓಡಿಹೋಗಲ್ಲ."

ಕಾಯುತ್ತಿದ್ದವರು ಗೊಣಗಿದರು. ಅಜ್ಜಿಗೆ ಬೇರೆ ಕೆಲಸ ಇಲ್ಲ, ನಮಗಿದೆ ಅಂದಳು ಒಬ್ಬಳು. ಥೇಟ್ ಆಗಿನ ನನ್ನದೇ ದನಿ. ಹುಡುಗಿ ಹೋದ ಒಳಕೋಣೆಯ ಬಾಗಿಲಿಗೆ ಕುರ್ಚಿಯನ್ನು ಅಡ್ಡ ಎಳೆದುಕೊಂಡು, ಒಳಗೆ ಟಿಫಿನ್ ಡಬ್ಬಿ ಬಿಚ್ಚುವ ಸದ್ದಾಗುವುದನ್ನೇ ಕಾಯುತ್ತ ಕೂತೆ.